ಅಪ್‌ಡೇಟ್: ಯಾರಿಗೂ ಕಾಣದ ತಲೆನೋವಿನ ಬಗ್ಗೆ ಕೇಳಿದ್ದೆನಲ್ಲ

ನಾಲ್ಕು ತಿಂಗಳ ಹಿಂದೆ ಕೇಳಿದ್ದೆ: ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ತಲೆನೋವು, ಸ್ಕ್ಯಾನ್ ನಾರ್ಮಲ್, ಮನೆಯವರೂ ನಂಬುತ್ತಿಲ್ಲ, ಏನು ಮಾಡಲಿ ಅಂತ. ಡೈರಿ ಬರೆಯಿರಿ, ನರರೋಗದ ಡಾಕ್ಟರಿಗೆ ತೋರಿಸಿ ಅಂದಿದ್ದಿರಿ. ಎರಡೂ ಮಾಡಿದೆ.

ಡೈರಿ ನೋಡಿ ನನಗೇ ಗಾಬರಿಯಾಯಿತು. ಒಂದೇ ತಿಂಗಳಲ್ಲಿ 19 ದಿನ ನೋವು, 16 ದಿನ ನೋವಿನ ಮಾತ್ರೆ! ಕ್ರಾನಿಕ್ ಮೈಗ್ರೇನ್ ಅಂದರು ಡಾಕ್ಟರ್. ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವು, ಅದರಲ್ಲಿ 8 ದಿನವಾದರೂ ಮೈಗ್ರೇನ್ ಲಕ್ಷಣ, ಹೀಗೇ 3 ತಿಂಗಳು ದಾಟಿದರೆ ಈ ಹೆಸರು. ಸ್ಕ್ಯಾನ್ ನಾರ್ಮಲ್ ಇರುವುದು ಮಾಮೂಲಂತೆ. ಮಾತ್ರೆ ಅತಿಯಾದರೆ ಅದರಿಂದಲೇ ತಲೆನೋವು ಬರುತ್ತದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಅವರು ಹೇಳಿದಂತೆ ಕಡಿಮೆ ಮಾಡಿದೆ. ಮೊದಲ ಎರಡು ವಾರ ನರಕ, ಸುಳ್ಳು ಯಾಕೆ ಹೇಳಲಿ.

ಇದೇ ಕಾಯಿಲೆಯ ಆರು ಜನ ಈಗ ವಾರಕ್ಕೊಮ್ಮೆ ಫೋನಿನಲ್ಲಿ ಸೇರುತ್ತೇವೆ. ವಿಡಿಯೊ ಇಲ್ಲ, ಸ್ಕ್ರೀನ್ ಬೆಳಕು ಕೆಲವರಿಗೆ ಆಗುವುದಿಲ್ಲ, ಅಲ್ವಾ. ಮೊದಲ ದಿನ ನಾನು ಬಾಯೇ ಬಿಡಲಿಲ್ಲ. "ಮುಖದಲ್ಲಿ ನಗು ಇರುತ್ತೆ, ಒಳಗೆ ಸುತ್ತಿಗೆ ಹೊಡೀತಿರುತ್ತೆ" ಅಂದರು ಒಬ್ಬರು. ಕತ್ತಲೆ ಕೋಣೆಯಲ್ಲಿ ಕೂತು ಅತ್ತುಬಿಟ್ಟೆ.

ಹೋದ ತಿಂಗಳು 11 ದಿನ. ಡೈರಿಯನ್ನು ಅಣ್ಣನ ಮುಂದಿಟ್ಟೆ. ಸುಮ್ನೆ ಪುಟ ತಿರುವಿದ. ಆಮೇಲೆ ಎದ್ದು ಹೋಗಿ ಟ್ಯೂಬ್‌ಲೈಟ್ ಆರಿಸಿದ.