ಇಮ್ಯುನಿಟಿ ಹೆಚ್ಚಿಸಿದರೆ ಬಾಯಿ ಕ್ಯಾನ್ಸರ್ ವಾಸಿಯಾಗುತ್ತದಾ?

ರೇಣುಕಾ, ಗದಗ: ನಮ್ಮ ಕಾಕಾಗೆ ಆಪರೇಷನ್ ಆದ ಮೇಲೂ ಬಾಯಿ ಕ್ಯಾನ್ಸರ್ ಮತ್ತೆ ಬಂದಿದೆ. ಗುಟ್ಕಾ ಇಟ್ಟುಕೊಳ್ಳುತ್ತಿದ್ದ ಎಡಗೆನ್ನೆಯಲ್ಲೇ. ಬಾಯಿಗೆ ಎರಡು ಬೆರಳೂ ಹೋಗುವುದಿಲ್ಲ. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಕಿವುಚಿ ಕೊಡುತ್ತಿದ್ದೇವೆ. ಇಮ್ಯುನಿಟಿಗೆ ಕಷಾಯ ಕುಡಿಸಿ ಅಂತ ಎಲ್ಲರೂ ಹೇಳುತ್ತಾರೆ. ಕುಡಿಸಲೇ?

ಬಸವರಾಜ, ಹಾವೇರಿ: ಕುಡಿಸಿ ಅಕ್ಕಾ. ಮೈಯಲ್ಲಿ ಶಕ್ತಿ ಇದ್ದರೆ ಯಾವ ರೋಗವೂ ನಿಲ್ಲಲ್ಲ.

ವಿದ್ಯಾ, ಧಾರವಾಡ: ಬಸಣ್ಣಾ, ಇಲ್ಲಿ ಶಕ್ತಿಯ ಕೊರತೆ ಅಲ್ಲ. ಎಷ್ಟೋ ಸಲ ರೋಗದ ಜೊತೆ ಹೋರಾಡುವ ಟಿ ಕೋಶಗಳು (ಒಂದು ಬಗೆಯ ಬಿಳಿ ರಕ್ತಕಣ) ಗಡ್ಡೆಯೊಳಗೇ ಬಂದಿರುತ್ತವೆ, ಆದರೆ ಸುಮ್ನೆ ಕೂತಿರುತ್ತವೆ. ಅವುಗಳ ಮೈಮೇಲೆ ಪಿಡಿ-1 ಅನ್ನುವ ಪ್ರೋಟೀನ್ ಇದೆ. ಕ್ಯಾನ್ಸರ್ ಕೋಶ ತನ್ನ ಮೈಮೇಲಿನ ಪಿಡಿ-ಎಲ್1 ಅನ್ನುವ ಪ್ರೋಟೀನನ್ನು ಅದಕ್ಕೆ ತಾಗಿಸಿದರೆ ಒಳಗೆ ಹೋಗುತ್ತಿದ್ದ 'ಹೊಡೆ' ಎಂಬ ಸುದ್ದಿ ನಿಂತುಬಿಡುತ್ತದೆ. ಬ್ರೇಕ್ ಒತ್ತಿದ ಟ್ರ್ಯಾಕ್ಟರಿಗೆ ಎಷ್ಟು ಡೀಸೆಲ್ ಹಾಕಿದರೂ ಹೊಲ ಉಳುತ್ತದಾ?

ಬಸವರಾಜ: ಬೇಡದ ಬ್ರೇಕು ಮೈಯಲ್ಲಿ ಯಾಕಿದೆ ಹಾಗಾದರೆ?

ವಿದ್ಯಾ: ಬೇಕೇ ಬೇಕು ಅಣ್ಣಾ. ಇಲ್ಲದಿದ್ದರೆ ಟಿ ಕೋಶ ನಮ್ಮ ಮೈಯ ಮೇಲೇ ಬೀಳುತ್ತದೆ. ನಾನು ಓದಿ ಬೆರಗಾದದ್ದು ಇನ್ನೊಂದು. ಹೊಡೆಯಲು ಇಳಿದ ಟಿ ಕೋಶ ಇಂಟರ್‌ಫೆರಾನ್ ಗಾಮಾ ಎಂಬ ಸುದ್ದಿ ಒಯ್ಯುವ ಪ್ರೋಟೀನ್ ಬಿಡುತ್ತದೆ. ಅದರ ಸುದ್ದಿ ಜಾಕ್-ಸ್ಟಾಟ್ ಎಂಬ ದಾರಿ ಹಿಡಿದು ಕ್ಯಾನ್ಸರ್ ಕೋಶದ ನ್ಯೂಕ್ಲಿಯಸ್ ಮುಟ್ಟುತ್ತದೆ. ಆಗ ಆ ಕೋಶ ಇನ್ನೂ ಜಾಸ್ತಿ ಪಿಡಿ-ಎಲ್1 ಹೊರಗೆ ಹಾಕುತ್ತದೆ. ಅಂದರೆ ಏಟು ಬಿದ್ದಷ್ಟೂ ಗುರಾಣಿ ದಪ್ಪ! ಇಂಥ ಬ್ರೇಕ್ ಬಿಡಿಸುವ ದಾರಿ ತೋರಿಸಿದ್ದಕ್ಕೇ 2018ರಲ್ಲಿ ವಿಜ್ಞಾನಿಗಳಾದ ಆಲಿಸನ್ ಮತ್ತು ಹೊಂಜೊಗೆ ನೊಬೆಲ್ ಬಂತು.

ಸುಮಾ ಸಿಸ್ಟರ್, ಹುಬ್ಬಳ್ಳಿ: ವಿದ್ಯಾ ಹೇಳಿದ್ದು ಸರಿ. ಆದರೆ ಬ್ರೇಕ್ ಬಿಡಿಸುವ ಇಂಜೆಕ್ಷನ್ ಎಲ್ಲರಿಗೂ ನಾಟುವುದಿಲ್ಲ. ಥೈರಾಯ್ಡ್, ಕರುಳು, ಶ್ವಾಸಕೋಶಕ್ಕೂ ಪೆಟ್ಟಾಗಬಹುದು. ಭೇದಿ, ಏದುಸಿರು ಕಂಡರೆ ಅದೇ ದಿನ ಆಸ್ಪತ್ರೆಗೆ ಬರಬೇಕು. ದುಡ್ಡಿನ ಚಿಂತೆಯೂ ಇದೆ. ಮುಂಬೈ ಟಾಟಾ ಆಸ್ಪತ್ರೆಯವರು ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ಮಾತ್ರೆಗಳ ಜೊತೆ ನಿವೊಲುಮ್ಯಾಬ್ ಎಂಬ ಇಂಥದೇ ಇಂಜೆಕ್ಷನ್ ಅನ್ನು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಮಾಮೂಲಿ ಡೋಸ್ ಎರಡು ವಾರಕ್ಕೆ 240. ಮಾತ್ರೆ ಮಾತ್ರ ತಗೊಂಡವರಲ್ಲಿ ವರ್ಷ ದಾಟಿದವರು ನೂರಕ್ಕೆ ಸುಮಾರು 16. ಇಂಜೆಕ್ಷನ್ ಸೇರಿದಾಗ 43.

ಬಸವರಾಜ: ಆದರೂ ಅರ್ಧಕ್ಕಿಂತ ಜಾಸ್ತಿ ಜನ ಉಳಿಯಲಿಲ್ಲ, ಅಲ್ವಾ ಸಿಸ್ಟರ್?

ಸುಮಾ ಸಿಸ್ಟರ್: ನಿಜ ಬಸಣ್ಣಾ. ಆದರೆ ವಾರ್ಡಿನಲ್ಲಿ ನಿಂತು ನೋಡುವ ನನಗೆ ನೂರಕ್ಕೆ ಹೆಚ್ಚಾಗಿ ವರ್ಷ ದಾಟಿದ ಆ 27 ಜನ ಸಣ್ಣ ಲೆಕ್ಕ ಅಲ್ಲ. ರೇಣುಕಾ, ಕಷಾಯ ಕೊಡುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಮ್ಮಾ.

ರೇಣುಕಾ: ಮಂಗಳವಾರ ಕಾಕಾನನ್ನು ಹುಬ್ಬಳ್ಳಿಗೆ ಕರೆತರುತ್ತೇವೆ. ಬಯಾಪ್ಸಿ ಬ್ಲಾಕ್ (ಪರೀಕ್ಷೆಗೆ ತೆಗೆದ ಗಡ್ಡೆಯ ತುಣುಕನ್ನು ಮೇಣದಲ್ಲಿಟ್ಟದ್ದು) ಮನೆಯಲ್ಲೇ ಇದೆ. ಪಿಡಿ-ಎಲ್1 ಟೆಸ್ಟ್, 20 ಮಿಲಿಗ್ರಾಂ, ಎರಡನ್ನೂ ಕೇಳಬೇಕು ಅಂತ ಫೈಲಿನ ಮೇಲೆ ಬರೆದಿಟ್ಟೆ.