ಬೆಳಗಿನ ನಿದ್ದೆ ಬಿಡುವ ಕಾಲ

16 ತಿಂಗಳ ಮಗ ಬೆಳಗಿನ ನಿದ್ದೆಗೆ ಹಟ ಮಾಡ್ತಿದ್ದಾನೆ, ಹುಷಾರಿಲ್ವೇನೋ ಅಂತ ಕೇಳಿದ್ದೀರಿ. ಆಡಿಕೊಂಡು, ಉಂಡುಕೊಂಡು ಇದ್ದರೆ ಗಾಬರಿ ಬೇಡ. ನಮ್ಮ ಮಗಳೂ ಇದೇ ವಯಸ್ಸಿಗೆ ಹೀಗೇ ಮಾಡಿದಳು. ಬೆಳಗ್ಗೆ ಹತ್ತು ಗಂಟೆಗೆ ಮಲಗಿಸಿದರೆ ಎದ್ದು ನಿಂತು, ಕಾಲುಚೀಲ ಕಿತ್ತು ಕಾಟ್‌ನಿಂದ ಆಚೆ ಎಸೆಯುತ್ತಿದ್ದಳು. ಲಾಲಿ ಹಾಡಿ ಹಾಡಿ ತೂಕಡಿಕೆ ಬರುತ್ತಿದ್ದುದು ನನಗೆ!

ಅದು ಹಟ ಅಲ್ಲ, ಅವಳಿಗೆ ಅಷ್ಟು ನಿದ್ದೆ ಬೇಕಿರಲಿಲ್ಲ. ಹುಟ್ಟಿದ ಹೊಸದರಲ್ಲಿ ಮಕ್ಕಳು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತವೆ. ಆಗ ಹಗಲು ಯಾವುದು, ರಾತ್ರಿ ಯಾವುದು ಅನ್ನೋದೇ ಗೊತ್ತಿರಲ್ಲ. ಮೂರು-ನಾಲ್ಕು ತಿಂಗಳಿಗೆ ಅದೊಂದು ಹದಕ್ಕೆ ಬರುತ್ತೆ. 4ರಿಂದ 12 ತಿಂಗಳವರೆಗೆ 12ರಿಂದ 16 ಗಂಟೆ, ಒಂದರಿಂದ ಎರಡು ವರ್ಷಕ್ಕೆ 11ರಿಂದ 14, ಮೂರು ದಾಟಿದ ಮೇಲೆ 10ರಿಂದ 13. ಹಗಲು ನಿದ್ದೆಯೂ ಸೇರಿ ಇಷ್ಟು. ಎಷ್ಟು ದೊಡ್ಡ ಅಂತರ ನೋಡಿ! ಪಕ್ಕದ ಮನೆ ಮಗುವಿನ ಲೆಕ್ಕ ನಮ್ಮದಕ್ಕೆ ಹೊಂದಲೇಬೇಕು ಅಂತಿಲ್ಲ. ಹಗಲು ಎರಡು ಸಲ ಮಲಗೋದು ಒಂದಕ್ಕೆ ಇಳಿಯೋದು ಸಾಮಾನ್ಯವಾಗಿ 15-18 ತಿಂಗಳ ಹೊತ್ತಿಗೆ.

ನಾವು ಬೆಳಗಿನ ನಿದ್ದೆಯನ್ನು ಎರಡು-ಮೂರು ದಿನಕ್ಕೊಮ್ಮೆ ಕಾಲು ಗಂಟೆ ಮುಂದೆ ತಳ್ಳುತ್ತಾ, ಊಟ ಆದಮೇಲೆ 12:30ಕ್ಕೆ ತಂದು ನಿಲ್ಲಿಸಿದೆವು. ಮಧ್ಯದ ಎರಡು ವಾರ ಮಾತ್ರ ಕಷ್ಟ. ಒಂದು ದಿನ ತಿಳಿಸಾರನ್ನದ ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ನಿದ್ದೆ ಹೋಗಿದ್ದಳು. ಆ ದಿನಗಳಲ್ಲಿ ರಾತ್ರಿ ಅರ್ಧ ಗಂಟೆ ಮುಂಚೆ ಮಲಗಿಸಿ.

ನಾವಿರುವ ಸ್ಕಾಟ್ಲೆಂಡಿನ ಎಡಿನ್‌ಬರೋದ ಜೂನ್ ತಿಂಗಳು ಇನ್ನೊಂದು ಕಥೆ. ಸೂರ್ಯ ಮುಳುಗುವಾಗ ರಾತ್ರಿ ಹತ್ತು, ಬೆಳಗ್ಗೆ ನಾಲ್ಕೂವರೆಗೆ ಮತ್ತೆ ಹಾಜರ್. ದಪ್ಪ ಕಪ್ಪು ಪರದೆ ಇಲ್ಲದೆ ಆಗಲ್ಲ. ಊರಿಂದ ವಿಡಿಯೊ ಕಾಲ್ ಮಾಡಿದ ಅತ್ತೆ, "ಅಯ್ಯೋ, ಇಷ್ಟು ಬೆಳಕಿದೆ, ಏಳಕ್ಕೇ ಮಲಗಿಸ್ತೀಯಾ?" ಅಂದಿದ್ದರು. ಅವರ ಮಾತೂ ತಪ್ಪಲ್ಲ. ಅಲ್ಲಿ ಮಕ್ಕಳು ಮಧ್ಯಾಹ್ನ ಚೆನ್ನಾಗಿ ಮಲಗಿ, ರಾತ್ರಿ ದೊಡ್ಡವರ ಜೊತೆ ಹತ್ತಕ್ಕೆ ಮಲಗ್ತಾವೆ. ಒಟ್ಟು ಲೆಕ್ಕ ಸರಿಹೋಗುತ್ತೆ, ಅಲ್ವಾ?

ಒಂದು ಮಾತು: ದಿನಾ ಜೋರಾಗಿ ಗೊರಕೆ ಹೊಡೆದರೆ ಅಥವಾ ಉಸಿರು ಕಟ್ಟಿದಂತೆ ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಈಗ ನನ್ನದೊಂದು ಪ್ರಶ್ನೆ. ಡಿಸೆಂಬರ್‌ನಲ್ಲಿ ಮೈಸೂರಿಗೆ ಹೊರಟಿದ್ದೇವೆ, ಐದೂವರೆ ಗಂಟೆ ವ್ಯತ್ಯಾಸ. ಹೋದ ಸಲ ರಾತ್ರಿ ಒಂದಾದರೂ ಅಜ್ಜಿಯನ್ನು ಎಬ್ಬಿಸಿ ಕೂರಿಸಿಕೊಂಡು ಆಡುತ್ತಿದ್ದಳು. ಈ ಸಲ ಹೊರಡೋಕೆ ಮುಂಚೆ ಇಲ್ಲೇ ಸ್ವಲ್ಪ ಸ್ವಲ್ಪ ಬೇಗ ಮಲಗಿಸಿ ಅಭ್ಯಾಸ ಮಾಡಿಸೋಣ ಅಂತಿದ್ದೇವೆ. ಯಾರಾದರೂ ಮಾಡಿ ನೋಡಿದ್ದೀರಾ?