ಅಪ್‌ಡೇಟ್: ಮಕ್ಕಳ ಕೈಗೆ ಮೀಟರ್ ಲೆಕ್ಕ ಕೊಟ್ಟ ಮೇಲೆ

ಸಾಗರದ ಕಡೆಯ ಐದು-ಆರನೇ ಕ್ಲಾಸಿನ ಮಕ್ಕಳಿಗೆ, ಪರಿಸರದ ಮೇಲೆ ತಮ್ಮ ಮನೆಯ ಹೊರೆ ಎಷ್ಟೆಂದು ಹೇಗೆ ತಿಳಿಸುವುದು ಎಂದು ಹಿಂದೆ ಇಲ್ಲಿ ಕೇಳಿದ್ದೆ. ಭಾಷಣ ಬಿಡಿ, ಮಕ್ಕಳಿಂದಲೇ ಅಳೆಸಿ ಎಂದಿರಿ. ಅದೇ ಸರಿ.

ಮನೆಯ ಡಿಜಿಟಲ್ ಕರೆಂಟ್ ಮೀಟರಿನಲ್ಲಿ ಅಂಕಿಗಳು ಸರದಿಯಲ್ಲಿ ಬದಲಾಗುತ್ತವೆ. ಮಕ್ಕಳು ವೋಲ್ಟೇಜನ್ನೋ ತಾರೀಕನ್ನೋ ಬರೆದುಬಿಡುತ್ತಾರೆ. ‘ಕೆಡಬ್ಲ್ಯುಎಚ್’ (kWh, ಅಂದರೆ ಯೂನಿಟ್) ಬಂದಾಗಷ್ಟೇ ಬರೆಯಬೇಕು, ದಿನಾ ಒಂದೇ ಹೊತ್ತಿಗೆ. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ 1 ಯೂನಿಟ್. ಅಷ್ಟೇ ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 111 ಗಂಟೆ ಉರಿಯುತ್ತದೆ. ಬರೀ ‘ಲೈಟ್ ಆರಿಸಿ’ ಎನ್ನುವ ಪೋಸ್ಟರುಗಳು ನನಗೆ ಹಿಡಿಸದಿರುವುದು ಇದಕ್ಕೇ.

‘ನಮ್ಮದು ಶರಾವತಿ ನೀರಿನ ಕರೆಂಟು, ಹೊಗೆಯೇ ಇಲ್ಲ’ ಎಂಬ ವಾದ ಬಂದೇ ಬರುತ್ತದೆ. ಗ್ರಿಡ್‌ನಲ್ಲಿ ರಾಯಚೂರಿನ ಕಲ್ಲಿದ್ದಲ ಕರೆಂಟೂ ಬೆರೆತಿರುತ್ತದೆ. ದೇಶದ ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದ ಊರುಗಳ ಮಾತನ್ನೂ ಎತ್ತಿ. ಹೊರೆ ಅಂದರೆ ಹೊಗೆಯೊಂದೇ ಅಲ್ಲವಲ್ಲ.

ನಲ್ಲಿ ನೀರು ಅಳೆಯಲು ಒಂದು ಬಾಟಲಿ ಸಾಕು: 1 ಲೀಟರ್ 10 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 6 ಲೀಟರ್.

ಕೈಕೊಡುವುದು ಅಡುಗೆಮನೆಯ ಹಸಿ ಕಸ ಹಾಕಿ ಗೊಬ್ಬರ ಮಾಡುವ ಬಕೆಟ್, ಅದೂ ಮಳೆಗಾಲದಲ್ಲಿ. ತೇವ ಹೆಚ್ಚಾಗಿ ಗಾಳಿಯಾಡದೆ ಕೊಳೆತು ನಾರುತ್ತದೆ, ಹುಳ ಬೀಳುತ್ತದೆ, ಮನೆಯವರು ಎಸೆಯುತ್ತಾರೆ. ಬಕೆಟ್ಟಿನ ತಳಕ್ಕೂ ಪಕ್ಕಕ್ಕೂ ತೂತು ಇರಲಿ, ಸೂರಿನಡಿ ಇಡಿ. ಜೂನ್ ಮಳೆ ಹಿಡಿಯುವ ಮುಂಚೆಯೇ ದರಗೆಲೆಯನ್ನು (ಉದುರಿದ ಒಣ ಎಲೆ) ಗೋಣಿಚೀಲಕ್ಕೆ ತುಂಬಿಸಿಡಿ. ಒಂದು ಪಾಲು ಹಸಿ ಕಸಕ್ಕೆ ಎರಡು-ಮೂರು ಪಾಲು ದರಗೆಲೆ, ಮೇಲಿನ ಪದರ ಯಾವಾಗಲೂ ಎಲೆಯದೇ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು. ಅದಕ್ಕಿಂತ ಹೆಚ್ಚು ನೀರು ಇಳಿದರೆ ಎಲೆ ಸೇರಿಸಿ ತಿರುವಿ ಹಾಕಿಸಿ.